ಹುಡುಕಿದವರಿಗೆ ಸಿಗಬೇಕಾದ ಅಂಗಡಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಪಟ್ಟಣಗಳ ವ್ಯಾಪಾರ ಬಹುಕಾಲ ಪರಿಚಯದ ಮೇಲೆ, ಸಂತೆಯ ದಿನದ ಮೇಲೆ ಮತ್ತು ಬಸ್ ನಿಲ್ದಾಣದಿಂದ ಅಂಗಡಿ ಎಷ್ಟು ಹತ್ತಿರ ಎಂಬುದರ ಮೇಲೆ ನಿಂತಿತ್ತು. ಯಾರ ಅಂಗಡಿ ಎಲ್ಲಿದೆ ಎಂಬುದು ಊರಿಗೇ ಗೊತ್ತಿದ್ದುದರಿಂದ ಅದನ್ನು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಇಂದು ಅಡಿಕೆ ಸುಲಿಯುವ ಯಂತ್ರ ಬೇಕಾದ ಬೆಳೆಗಾರ, ಕೊಳವೆಬಾವಿಯ ಮೋಟಾರು ಸುಟ್ಟುಹೋದ ರೈತ, ಜಾತ್ರೆಗೆಂದು ಹೊರಜಿಲ್ಲೆಯಿಂದ ಬಂದು ಊಟ ವಸತಿಗೆ ದಾರಿ ಕೇಳುವ ಕುಟುಂಬ, ಇವರೆಲ್ಲ ಮೊದಲು ವಿಚಾರಿಸುವುದು ಕೈಯಲ್ಲಿರುವ ಫೋನನ್ನು. ಆ ವಿಚಾರಣೆಗೆ ಉತ್ತರ ಕೊಡುವ ಯಂತ್ರಕ್ಕೆ ಊರಿನ ನೆನಪು ಇರುವುದಿಲ್ಲ, ಬರಹದಲ್ಲಿ ಇರುವುದಷ್ಟೇ ಅದಕ್ಕೆ ಗೊತ್ತಿರುತ್ತದೆ. ಹುಡುಕುವವರ ಪ್ರಶ್ನೆಗೆ ತಕ್ಕ ಪುಟವಾಗಿ ತನ್ನ ಜಾಲತಾಣ ಕಾಣಿಸಿಕೊಳ್ಳುವಂತೆ ಅದನ್ನು ಸಜ್ಜುಗೊಳಿಸುವ ಕೆಲಸಕ್ಕೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಚಿಕ್ಕದಾಗಿ ಎಸ್‌ಇಒ, ಎಂದು ಹೆಸರು. ಇದನ್ನು ಗುಟ್ಟಿನ ವಿದ್ಯೆಯಂತೆ ಮಾರುವವರು ಹೆಚ್ಚಾಗಿದ್ದಾರೆ. ಆದರೆ ತಾಲ್ಲೂಕು ಕೇಂದ್ರದ ಸಣ್ಣ ವ್ಯಾಪಾರಿಯ ಮಟ್ಟಿಗೆ ಅದರ ಬಹುಪಾಲು, ತನ್ನ ಹೆಸರು, ವಿಳಾಸ, ಕಸುಬು ಮತ್ತು ವೇಳೆಯನ್ನು ನಿಜವಾಗಿ, ಎಲ್ಲೆಡೆ ಒಂದೇ ರೀತಿಯಲ್ಲಿ, ಕನ್ನಡದಲ್ಲಿ, ತನ್ನದೇ ಹತೋಟಿಯಲ್ಲಿರುವ ಜಾಗದಲ್ಲಿ ಬರೆದಿಡುವ ಕೆಲಸವೇ ಆಗಿದೆ.

ಹುಡುಕುತಾಣವು ಪ್ರಶ್ನೆ ಬಂದ ಗಳಿಗೆಯಲ್ಲಿ ಲೋಕದ ಪುಟಗಳನ್ನೆಲ್ಲ ತಡಕಾಡುವುದಿಲ್ಲ. ಕ್ರಾಲರ್ ಎಂದು ಕರೆಯುವ ತಂತ್ರಾಂಶವು ಒಂದು ಪುಟದ ಕೊಂಡಿಯಿಂದ ಇನ್ನೊಂದಕ್ಕೆ ಸಾಗುತ್ತ ಪುಟಗಳನ್ನು ಮೊದಲೇ ಓದಿಕೊಂಡಿರುತ್ತದೆ; ಓದಿದ್ದನ್ನು ಹುಡುಕುತಾಣವು ಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಪದ ಯಾವ ಪುಟದಲ್ಲಿದೆ ಎಂಬ ಬೃಹತ್ ದಾಖಲೆಯಾಗಿ ಇಟ್ಟುಕೊಂಡಿರುತ್ತದೆ, ಇದೇ ಇಂಡೆಕ್ಸ್; ಪ್ರಶ್ನೆ ಬಂದಾಗ ಆ ದಾಖಲೆಯಿಂದ ಹೊಂದುವ ಪುಟಗಳನ್ನು ತೆಗೆದು ಯಾವುದು ಮೊದಲು, ಯಾವುದು ನಂತರ ಎಂದು ಸಾಲುಗೊಳಿಸುತ್ತದೆ. ಯಾವ ಪುಟವನ್ನು ಓದಬಾರದು ಎಂದು ಕ್ರಾಲರಿಗೆ ತಿಳಿಸುವ ರೋಬಾಟ್ಸ್ ಕಡತದ ಪದ್ಧತಿ 1994ರಷ್ಟು ಹಳೆಯದು, ಜಾಲತಾಣದ ಪುಟಗಳ ಪಟ್ಟಿಯನ್ನು ಒಂದೇ ಕಡತದಲ್ಲಿ ಒಪ್ಪಿಸುವ ಸೈಟ್‌ಮ್ಯಾಪ್ ಪದ್ಧತಿ 2005ರದು. ಸಾಲುಗೊಳಿಸುವ ಕ್ರಮದಲ್ಲಿ ದೊಡ್ಡ ತಿರುವು ತಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ರೂಪಿಸಿದ ಪೇಜ್‌ರ‍್ಯಾಂಕ್. ಒಂದು ಪುಟಕ್ಕೆ ಬೇರೆ ಪುಟಗಳು ಕೊಟ್ಟ ಕೊಂಡಿಗಳನ್ನು, ಆ ಕೊಂಡಿ ಕೊಟ್ಟ ಪುಟಗಳ ತೂಕವನ್ನೂ ಸೇರಿಸಿ, ಎಣಿಸುವ ಈ ವಿಧಾನದ ಮೇಲೆಯೇ 1998ರಲ್ಲಿ ಗೂಗಲ್ ಕಂಪನಿ ಹುಟ್ಟಿತು. ಆ ಎಣಿಕೆಗೆ ಇಂದು ಇನ್ನೆಷ್ಟೋ ಅಂಶಗಳು ಸೇರಿವೆ, ಆದರೂ ಓದಲಾಗದ ಪುಟದ ಪಠ್ಯ ಇಂಡೆಕ್ಸಿಗೆ ಸೇರದು, ಇಂಡೆಕ್ಸಿನಲ್ಲಿಲ್ಲದ ಪುಟ ಯಾವ ಉಪಾಯದಿಂದಲೂ ಸಾಲಿಗೆ ಬಾರದು ಎಂಬ ಮೂಲ ನಿಯಮ ಬದಲಾಗಿಲ್ಲ.

ಊರಿನ ಅಂಗಡಿಯನ್ನು ಹುಡುಕುವವರಿಗೆ ನಕಾಶೆಯೊಂದಿಗೆ ಕಾಣುವ ಸ್ಥಳೀಯ ಫಲಿತಾಂಶಗಳ ಲೆಕ್ಕವೇ ಬೇರೆ. ಪ್ರಶ್ನೆಗೂ ಅಂಗಡಿಯ ಕಸುಬಿಗೂ ಇರುವ ಹೊಂದಾಣಿಕೆ, ಹುಡುಕುವವರಿಗೂ ಅಂಗಡಿಗೂ ಇರುವ ದೂರ, ಮತ್ತು ಅಂಗಡಿಗೆ ಇರುವ ಖ್ಯಾತಿ ಎಂಬ ಮೂರರಿಂದ ಈ ಸಾಲು ಮುಖ್ಯವಾಗಿ ತೀರ್ಮಾನವಾಗುತ್ತದೆ ಎಂದು ಗೂಗಲ್ ತಾನೇ ಹೇಳಿಕೊಂಡಿದೆ. ಇವುಗಳಲ್ಲಿ ದೂರ ವ್ಯಾಪಾರಿಯ ಕೈಯಲ್ಲಿಲ್ಲ. ನ್ಯಾಮತಿಯು ಜಿಲ್ಲಾ ಕೇಂದ್ರವಾದ ದಾವಣಗೆರೆಗಿಂತ ಶಿವಮೊಗ್ಗಕ್ಕೆ ಹತ್ತಿರ. ನ್ಯಾಮತಿಯಲ್ಲಿ ಕುಳಿತು ಹುಡುಕಿದವರಿಗೆ ಅಲ್ಲಿನ ಅಂಗಡಿಯ ವಿವರವೇ ಜಾಲದಲ್ಲಿ ಇರದಿದ್ದರೆ ಯಂತ್ರವು ಶಿವಮೊಗ್ಗದ ಅಂಗಡಿಗಳನ್ನು ಮುಂದಿಡುವುದು ಸಹಜ. ಆ ಗಿರಾಕಿ ಶಿವಮೊಗ್ಗದ ಬಸ್ಸು ಹತ್ತುವುದಕ್ಕೆ ನ್ಯಾಮತಿಯ ಅಂಗಡಿಯ ದರವಾಗಲಿ ಗುಣವಾಗಲಿ ಕಾರಣವಲ್ಲ, ಬರಹದ ಗೈರುಹಾಜರಿಯೇ ಕಾರಣ ಎಂಬುದು ಬೇಸರದ ಸಂಗತಿ. ಪೈಪೋಟಿ ಕಡಿಮೆ ಇರುವ ಸಣ್ಣ ಪಟ್ಟಣದಲ್ಲಿ ಸರಿಯಾಗಿ ಬರೆದ ಒಂದೇ ಪುಟ ಬೇಗ ಮೇಲೆ ಬರಬಲ್ಲುದು ಎಂಬುದು ಅಷ್ಟೇ ಭರವಸೆಯ ಸಂಗತಿ.

ಈ ನಾಲ್ಕು ಊರುಗಳಲ್ಲಿ ವಿಳಾಸ ಬರೆಯುವುದೇ ಒಂದು ತೊಡಕಿನ ಕೆಲಸವಾಗಿದೆ, ಮತ್ತು ಈ ತೊಡಕು ಬೆಂಗಳೂರಿನಲ್ಲಿ ಕುಳಿತು ಜಾಲತಾಣ ಮಾಡಿಕೊಡುವವರ ಕಣ್ಣಿಗೆ ಬೀಳುವುದೇ ಇಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ಆಗ ಹೊನ್ನಾಳಿ ತಾಲ್ಲೂಕಿನೊಳಗಿದ್ದ ನ್ಯಾಮತಿಯು 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಬೇರೆ ತಾಲ್ಲೂಕಾಯಿತು. ಪಿನ್ ಕೋಡುಗಳು ಮಾತ್ರ ಹಳೆಯ ಕಾಲದಲ್ಲೇ ಉಳಿದಿವೆ. ಶಿವಮೊಗ್ಗದ ಸಂಖ್ಯೆ 577201ರಿಂದ ಆರಂಭವಾದರೆ ಚನ್ನಗಿರಿಯದು 577213, ಹೊನ್ನಾಳಿಯದು 577217, ನ್ಯಾಮತಿಯದು 577223. ಚಿತ್ರದುರ್ಗದ್ದು 577501 ಆದರೆ ಜಗಳೂರಿನದು 577528. ದಾವಣಗೆರೆಯ 577001ರ ಸಾಲಿಗೆ ಇವುಗಳಲ್ಲಿ ಒಂದೂ ಸೇರಿಲ್ಲ. ಹೀಗಾಗಿ ಒಂದೇ ಅಂಗಡಿಯು ಒಂದು ಪಟ್ಟಿಯಲ್ಲಿ ಶಿವಮೊಗ್ಗ ಜಿಲ್ಲೆಯದಾಗಿ, ಇನ್ನೊಂದರಲ್ಲಿ ಹೊನ್ನಾಳಿ ತಾಲ್ಲೂಕಿನದಾಗಿ, ಮತ್ತೊಂದರಲ್ಲಿ ನ್ಯಾಮತಿ ತಾಲ್ಲೂಕಿನದಾಗಿ ದಾಖಲಾಗಿರಬಹುದು. ಊರಿನವರಿಗೆ ಇವೆಲ್ಲ ಒಂದೇ ಎಂದು ತಿಳಿದರೂ ಯಂತ್ರಕ್ಕೆ ಇವು ಬೇರೆ ಬೇರೆ ಅಂಗಡಿಗಳಾಗಿ ತೋರಬಹುದು, ಇಲ್ಲವೇ ಯಾವ ವಿಳಾಸ ನಿಜ ಎಂಬ ಅನುಮಾನ ಉಳಿಯಬಹುದು. ಆದ್ದರಿಂದ ಜಾಲತಾಣ, ನಕಾಶೆಯಲ್ಲಿ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್, ಜಸ್ಟ್ ಡಯಲ್ ಅಥವಾ ಇಂಡಿಯಾಮಾರ್ಟ್‌ನಂತಹ ಪಟ್ಟಿಗಳು, ಜಿಎಸ್‌ಟಿ ಬಿಲ್ಲು ಮತ್ತು 2020ರ ಜುಲೈ 1ರಿಂದ ಜಾರಿಯಲ್ಲಿರುವ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಇವೆಲ್ಲದರಲ್ಲೂ ಅಂಗಡಿಯ ಹೆಸರು, ಬೀದಿ, ತಾಲ್ಲೂಕು, ಜಿಲ್ಲೆ, ಪಿನ್ ಮತ್ತು ದೂರವಾಣಿ ಸಂಖ್ಯೆ ಅಕ್ಷರಶಃ ಒಂದೇ ಆಗಿರುವಂತೆ ತಿದ್ದುವುದು ಮೊದಲ ಕೆಲಸ. ಬಸ್ ನಿಲ್ದಾಣದ ಹತ್ತಿರ, ಇಂಥ ದೇವಸ್ಥಾನದ ಎದುರು ಎಂಬ ಗುರುತನ್ನು ವಿಳಾಸದಿಂದ ತೆಗೆಯಬೇಕಾಗಿಲ್ಲ. ಜನ ದಾರಿ ಹಿಡಿಯುವುದು ಆ ಗುರುತಿನಿಂದಲೇ.

ವಿಳಾಸಕ್ಕಿಂತ ಆಳವಾದ ಕೊರತೆ ಲಿಪಿಯದು. ತಾಲ್ಲೂಕು ಕೇಂದ್ರಗಳ ಮುದ್ರಣಾಲಯಗಳಲ್ಲಿ, ಫ್ಲೆಕ್ಸ್ ಅಂಗಡಿಗಳಲ್ಲಿ ಮತ್ತು ಡಿಟಿಪಿ ಕೇಂದ್ರಗಳಲ್ಲಿ ಸಿದ್ಧವಾಗುವ ಕನ್ನಡ ಇಂದಿಗೂ ಬಹುಮಟ್ಟಿಗೆ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿರುತ್ತದೆ. ಆ ಫಾಂಟುಗಳ ಕ್ರಮದಲ್ಲಿ ಗಣಕದೊಳಗೆ ಉಳಿಯುವುದು ರೋಮನ್ ಅಕ್ಷರಗಳ ಸಂಕೇತಗಳೇ, ಅವುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿರಲಾಗುತ್ತದೆ ಅಷ್ಟೆ. ಫಾಂಟು ಇರುವ ಗಣಕದಲ್ಲಿ ಅದು ಕನ್ನಡವಾಗಿ ಕಂಡರೆ, ಕ್ರಾಲರಿಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ, ಫೋನಿನಲ್ಲಿ ಟೈಪಾಗುವ ಕನ್ನಡವೆಲ್ಲ ಯೂನಿಕೋಡೇ, ಹಳೆಯ ಬರಹವನ್ನು ಪರಿವರ್ತಿಸುವ ಉಚಿತ ಸಲಕರಣೆಗಳೂ ಸಿಗುತ್ತವೆ. ಆದರೂ ಕರಪತ್ರಕ್ಕೆಂದು ಸಿದ್ಧವಾದ ಬರಹವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸುವುದು, ಅದು ಅಕ್ಷರಗೆಟ್ಟು ಕಂಡಾಗ ಕರಪತ್ರದ ಚಿತ್ರವನ್ನೇ ಏರಿಸಿಬಿಡುವುದು ರೂಢಿಯಾಗಿದೆ. ಚಿತ್ರದೊಳಗಿನ ಅಕ್ಷರಗಳನ್ನು ಪುಟದ ಪಠ್ಯವೆಂದು ಯಂತ್ರ ಎಣಿಸುವ ಖಾತ್ರಿಯಿಲ್ಲ. ಅಂಗಡಿಯ ಹೆಸರು, ಸರಕಿನ ಪಟ್ಟಿ, ದರ ಎಲ್ಲವೂ ಬಣ್ಣದ ಚಿತ್ರದಲ್ಲಿ ಸೇರಿಹೋಗಿರುವ ಜಾಲತಾಣ ನೋಡಲು ಚೆನ್ನಾಗಿದ್ದರೂ ಹುಡುಕಾಟದ ಮಟ್ಟಿಗೆ ಖಾಲಿ ಪುಟವೇ ಸರಿ.

ಈ ಖಾಲಿತನದಿಂದ ಆಗುವ ನಷ್ಟ ಕೇವಲ ಅಂಗಡಿಯದಲ್ಲ. 2017ರ ಆಗಸ್ಟ್‌ನಲ್ಲಿ ಗೂಗಲ್ ತನ್ನ ಧ್ವನಿ ಹುಡುಕಾಟಕ್ಕೆ ಕನ್ನಡವನ್ನು ಸೇರಿಸಿದ ಮೇಲೆ, ಟೈಪು ಮಾಡಲು ಬಾರದವರೂ ಬಾಯಿಮಾತಿನಲ್ಲಿ ಕೇಳುವುದು ಸಾಧ್ಯವಾಗಿದೆ; ಕೇಳುವ ಬಾಗಿಲು ತೆರೆದಿದ್ದರೂ ಉತ್ತರವಾಗಬಲ್ಲ ಕನ್ನಡದ ಪಠ್ಯ ಜಾಲದಲ್ಲಿ ವಿರಳ. ಇತ್ತೀಚೆಗೆ ಹುಡುಕುತಾಣಗಳು ಪುಟಗಳ ಪಟ್ಟಿಗೂ ಮೊದಲು ಕೃತಕ ಬುದ್ಧಿಮತ್ತೆಯಿಂದ ಜೋಡಿಸಿದ ಉತ್ತರವನ್ನು ಇಡತೊಡಗಿವೆ, ಆ ಉತ್ತರವೂ ಎಲ್ಲೋ ಬರೆದಿಟ್ಟ ಪಠ್ಯದಿಂದಲೇ ಹುಟ್ಟಬೇಕು. ಜಗಳೂರಿನ ಮೋಟಾರು ರಿವೈಂಡಿಂಗ್ ಅಂಗಡಿಯವರು ತಮ್ಮ ಕೆಲಸವನ್ನು ಕನ್ನಡದ ಹತ್ತು ಸಾಲುಗಳಲ್ಲಿ ವಿವರಿಸಿದರೆ, ಅವು ಆ ತಾಲ್ಲೂಕಿನ ಬಗ್ಗೆ ಜಾಲದಲ್ಲಿರುವ ಕನ್ನಡಕ್ಕೆ ಸೇರಿದ ಹತ್ತು ಸಾಲುಗಳೂ ಆಗುತ್ತವೆ.

ಕನ್ನಡದಲ್ಲಿ ಬರೆಯುವಾಗ ಎರಡು ಎಚ್ಚರಗಳು ಬೇಕು. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಹೊನ್ನಾಳಿಯಲ್ಲಿ, ಹೊನ್ನಾಳಿಯಿಂದ, ಹೊನ್ನಾಳಿಗೆ ಎಂಬ ರೂಪಗಳನ್ನು ಯಂತ್ರವು ಒಂದೇ ಊರೆಂದು ಯಾವಾಗಲೂ ಹಿಡಿಯಲಾರದು. ಪುಟದ ಶೀರ್ಷಿಕೆಯಲ್ಲಿ ಮತ್ತು ವಿಳಾಸದಲ್ಲಿ ಊರಿನ ಹೆಸರು ಪ್ರತ್ಯಯವಿಲ್ಲದೆ ಬರಬೇಕು. ಎರಡನೆಯದು ಕಾಗುಣಿತದ್ದು: ಚನ್ನಗಿರಿಯನ್ನು ಚೆನ್ನಗಿರಿ ಎಂದು, ಜಗಳೂರನ್ನು ಜಗಲೂರು ಎಂದು ಬರೆಯುವವರಿದ್ದಾರೆ, ರೋಮನ್ ಲಿಪಿಯಲ್ಲಿ ನ್ಯಾಮತಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಅಧಿಕೃತ ರೂಪವನ್ನು ಶೀರ್ಷಿಕೆಯಲ್ಲಿಟ್ಟು, ಬಳಕೆಯ ಇತರ ರೂಪಗಳನ್ನು ಪುಟದ ಒಳಗೆ ಸಹಜವಾಗಿ ಒಮ್ಮೆ ತಂದರೆ ಸಾಕು. 2021ರಿಂದ ಗೂಗಲ್ ನಕಾಶೆಯು ರೋಮನ್ ಲಿಪಿಯಲ್ಲಿರುವ ಅಂಗಡಿಯ ಹೆಸರುಗಳನ್ನು ತಾನಾಗಿಯೇ ಕನ್ನಡಕ್ಕೆ ಲಿಪ್ಯಂತರ ಮಾಡುತ್ತದೆ, ಮನೆತನದ ಹೆಸರುಗಳು ಅಲ್ಲಿ ವಿಕಾರಗೊಳ್ಳುವ ಸಂಭವ ಹೆಚ್ಚು. ಅಂಗಡಿಯ ಹೆಸರನ್ನು ಮಾಲೀಕರೇ ಕನ್ನಡದಲ್ಲಿ ದಾಖಲಿಸುವುದು ಅದಕ್ಕೆ ಪರಿಹಾರ.

ಪುಟದಲ್ಲಿ ಏನನ್ನು ಬರೆಯಬೇಕು ಎಂಬ ಪ್ರಶ್ನೆಗೆ ಉತ್ತರ ಗಿರಾಕಿಗಳ ಬಾಯಲ್ಲೇ ಇರುತ್ತದೆ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ತುಮ್ಕೋಸ್ ಎಂಬ ಅಡಿಕೆ ಸಹಕಾರಿ ಸಂಸ್ಥೆಯ ಮಾರುಕಟ್ಟೆ ಧಾರಣೆಯನ್ನು ಬೆಳೆಗಾರರು ದಿನವೂ ಗಮನಿಸುತ್ತಾರೆ. ಅಡಿಕೆ ಎಂದಷ್ಟೇ ಹುಡುಕುವವರಿಗೆ ಬೇಕಾದದ್ದು ಹೆಚ್ಚಾಗಿ ಆ ಧಾರಣೆಯೇ, ಆದ್ದರಿಂದ ಆ ಪದವೊಂದನ್ನೇ ನೆಚ್ಚಿಕೊಂಡು ಸುಲಿಯುವ ಯಂತ್ರದ ಅಂಗಡಿಯೊಂದು ಮೇಲೆ ಬರಲಾರದು. ಯಂತ್ರ ಒಂದು ಗಂಟೆಗೆ ಎಷ್ಟು ಸುಲಿಯುತ್ತದೆ, ಹಸಿ ಅಡಿಕೆಗೋ ಒಣ ಅಡಿಕೆಗೋ, ಬಾಡಿಗೆಗೆ ಸಿಗುತ್ತದೆಯೇ, ಬ್ಲೇಡು ಕೆಟ್ಟರೆ ಯಾರು ಬರುತ್ತಾರೆ ಎಂಬ ವಿವರಗಳು ಆ ಪುಟವನ್ನು ಬೇರೆಯದರಿಂದ ಪ್ರತ್ಯೇಕಿಸುತ್ತವೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕಕ್ಕೆ ತಟ್ಟೆಯ ಅಳತೆ, ಸಗಟು ದರ, ಕನಿಷ್ಠ ಖರೀದಿಯ ಪ್ರಮಾಣ ಮುಖ್ಯ. ಆ ಪುಟ ಬರೆದಿಟ್ಟು ಮರೆಯುವಂಥದ್ದೂ ಅಲ್ಲ: 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ಊಟದ ಸಾಮಗ್ರಿಗೆ ತನ್ನ ದೇಶದಲ್ಲಿ ಅನುಮತಿಯಿಲ್ಲವೆಂದು ಪ್ರಕಟಿಸಿದ ಮೇಲೆ, ಅಲ್ಲಿಗೆ ರಫ್ತು ಮಾಡುತ್ತೇವೆ ಎಂಬ ಹಳೆಯ ಸಾಲನ್ನು ಹಾಗೆಯೇ ಉಳಿಸಿಕೊಂಡ ಪುಟ ಖರೀದಿದಾರರನ್ನು ದಾರಿ ತಪ್ಪಿಸುತ್ತದೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಜಯಂತಿಯ ಹೊತ್ತಿಗೆ, ಫೆಬ್ರುವರಿಯಲ್ಲಿ, ನೆರೆ ರಾಜ್ಯಗಳ ಬಂಜಾರ ಭಕ್ತರೂ ಬರುತ್ತಾರೆ, ತೀರ್ಥರಾಮೇಶ್ವರಕ್ಕೂ ಯಾತ್ರಿಕರಿದ್ದಾರೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ಮತ್ತು ಸಂತೇಬೆನ್ನೂರಿನ ಪುಷ್ಕರಿಣಿ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ, ಇವುಗಳನ್ನು ನೋಡಲು ಬರುವವರಿಗೆ ಸುತ್ತಮುತ್ತ ಊಟ ಎಲ್ಲಿ ಸಿಗುತ್ತದೆ, ಖಾನಾವಳಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬ ಸರಳ ಸಂಗತಿಗಳು ಬೇಕು. ಇಂತಹ ಸಂಗತಿಗಳನ್ನು ಯಂತ್ರಕ್ಕೆ ಗೊಂದಲವಿಲ್ಲದಂತೆ ತಿಳಿಸಲು ಸ್ಕೀಮಾ ಎಂಬ ಸಂಕೇತ ಪದ್ಧತಿ ಇದೆ. ಗೂಗಲ್, ಯಾಹೂ ಮತ್ತು ಮೈಕ್ರೊಸಾಫ್ಟಿನ ಬಿಂಗ್ ಸೇರಿ 2011ರಲ್ಲಿ ಹೊರತಂದ ಈ ಪದ್ಧತಿಯಲ್ಲಿ, ಇದು ಹೆಸರು, ಇದು ವೇಳೆ, ಇದು ದೂರವಾಣಿ ಎಂದು ಪ್ರತಿ ವಿವರಕ್ಕೂ ಕಣ್ಣಿಗೆ ಕಾಣದ ಚೀಟಿ ಅಂಟಿಸಲಾಗುತ್ತದೆ.

ವೇಗದ ವಿಷಯ ಸಂಕ್ಷಿಪ್ತ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಮೂಲವೆಂದು ಓದುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಅದರ ಅಳತೆ. ಹಳ್ಳಿಯ ಸಿಗ್ನಲ್ಲಿನಲ್ಲಿ ತೆರೆಯದ ಭಾರಿ ಚಿತ್ರಗಳನ್ನೂ ಚಲಿಸುವ ಅಲಂಕಾರಗಳನ್ನೂ ತೆಗೆದರೆ ಈ ಅಳತೆಯನ್ನು ಬಹುತೇಕ ಮುಟ್ಟಬಹುದು.

ಜಾಲತಾಣದ ಒಡೆತನದ ವಿಷಯ ಇಷ್ಟು ಬೇಗ ಮುಗಿಯುವುದಿಲ್ಲ. ಜಾಲತಾಣಕ್ಕೆ ಡೊಮೇನ್ ಎಂಬ ಹೆಸರು, ಕಡತಗಳನ್ನು ಇಡುವ ಹೋಸ್ಟಿಂಗ್ ಎಂಬ ಬಾಡಿಗೆ ಜಾಗ, ಮತ್ತು ಇವೆರಡರ ಪಾಸ್‌ವರ್ಡುಗಳು ಇರುತ್ತವೆ. ಮಾಡಿಕೊಟ್ಟವರು ಎಲ್ಲವನ್ನೂ ತಮ್ಮ ಹೆಸರಿನಲ್ಲೇ, ತಮ್ಮ ಇಮೇಲಿನಲ್ಲೇ ನೋಂದಾಯಿಸಿಕೊಳ್ಳುವುದುಂಟು; ಅವರ ಫೋನು ಬದಲಾದ ದಿನ, ಅಥವಾ ಅವರು ಊರು ಬಿಟ್ಟ ದಿನ, ಅಂಗಡಿಯವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದು ಅದು ನೋಂದಣಿಯಿಂದ ತೆಗೆದುಹಾಕಲ್ಪಟ್ಟರೆ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ಆಮೇಲಿನ 5 ದಿನ ಕಳೆದರೆ ಅದು ಯಾರು ಬೇಕಾದರೂ ಕೊಳ್ಳಬಹುದಾದ ಹೆಸರಾಗುತ್ತದೆ. ಉಚಿತವಾಗಿ ಸಿಕ್ಕ ಜಾಗವೂ ಶಾಶ್ವತವಲ್ಲ. ಬಿಸಿನೆಸ್ ಪ್ರೊಫೈಲ್ ಇದ್ದವರಿಗೆ ಗೂಗಲ್ ತಾನೇ ಬಿಟ್ಟಿಯಾಗಿ ಕಟ್ಟಿಕೊಡುತ್ತಿದ್ದ ಒಂದು ಪುಟದ ಜಾಲತಾಣಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸಕ್ಕೆ ಬಂದವರನ್ನು ಪ್ರೊಫೈಲಿಗೆ ಕಳುಹಿಸುವ ವ್ಯವಸ್ಥೆ 2024ರ ಜೂನ್ 10ಕ್ಕೆ ಕೊನೆಗೊಂಡಿತು, ಭಿತ್ತಿಪತ್ರದಲ್ಲಿ ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸವನ್ನು ಅಚ್ಚು ಹಾಕಿಸಿದ್ದವರ ಖರ್ಚು ವ್ಯರ್ಥವಾಯಿತು. ವಾಟ್ಸ್ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿಯುತ್ತದೆ, ಅದನ್ನು ಯಾವ ಹುಡುಕುತಾಣವೂ ಓದಲಾರದು. ಪರಿಚಿತ ಗಿರಾಕಿಯನ್ನು ಉಳಿಸಿಕೊಳ್ಳಲು ಅದು ಒಳ್ಳೆಯದು, ಅಪರಿಚಿತ ಗಿರಾಕಿಗೆ ಅದರಿಂದ ಉಪಯೋಗವಿಲ್ಲ. ಸ್ವಂತ ಹೆಸರಿನಲ್ಲಿ ನೋಂದಣಿಯಾದ ಒಂದು ಡೊಮೇನ್, ಅದರ ನವೀಕರಣದ ದಿನಾಂಕ, ಪಾಸ್‌ವರ್ಡು, ಈ ಮೂರನ್ನು ಅಂಗಡಿಯ ಲೈಸೆನ್ಸಿನೊಂದಿಗೆ ಅದೇ ಕಪಾಟಿನಲ್ಲಿ ಇಡಬೇಕಾದ ಕಾಲ ಬಂದಿದೆ.

ಮೊದಲ ಪುಟದಲ್ಲಿ ಮೊದಲ ಸ್ಥಾನ ಖಚಿತ ಎಂದು ಫೋನಿನಲ್ಲಿ ಭರವಸೆ ಕೊಡುವವರನ್ನು ನಂಬಬಾರದು, ಏಕೆಂದರೆ ಆ ಭರವಸೆ ಕೊಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ; ಗೂಗಲಿನವರೆಂದು ಹೇಳಿಕೊಂಡು ಪ್ರೊಫೈಲಿಗೆ ಹಣ ಕೇಳುವವರನ್ನಂತೂ ದೂರವಿಡಬೇಕು, ಪ್ರೊಫೈಲ್ ಉಚಿತ. ಒಂದೇ ಪದವನ್ನು ನೂರು ಸಲ ತುರುಕುವುದು, ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವುದು ಮೊದಲಾದ ಅಡ್ಡದಾರಿಗಳನ್ನು 2011ರ ಪಾಂಡಾ ಮತ್ತು 2012ರ ಪೆಂಗ್ವಿನ್ ಎಂಬ ಪರಿಷ್ಕರಣೆಗಳಿಂದಲೇ ಗೂಗಲ್ ಶಿಕ್ಷಿಸತೊಡಗಿತ್ತು. ಗಿರಾಕಿಗಳ ಅಭಿಪ್ರಾಯಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಪ್ರಾಮಾಣಿಕತೆ ಬೇಕು. ಆನ್‌ಲೈನ್ ಅಭಿಪ್ರಾಯಗಳ ಬಗ್ಗೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000:2022 ಎಂಬ ಮಾನದಂಡ ರೂಪಿಸಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಪಟ್ಟಣದಲ್ಲಿ ನೆಂಟರಿಂದ ಬರೆಸಿದ ಹೊಗಳಿಕೆ ಮಾನದಂಡಕ್ಕಿಂತ ಮೊದಲು ಊರಿಗೇ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಗಿರಾಕಿಯನ್ನು ನೇರವಾಗಿ ಕೇಳುವುದು, ಬಂದ ದೂರಿಗೆ ಸಿಟ್ಟಿಲ್ಲದೆ ಉತ್ತರಿಸುವುದು ನಿಧಾನದ ದಾರಿಯಾದರೂ ಉಳಿಯುವ ದಾರಿ.

ನಿರ್ವಹಣೆ ಇಲ್ಲದ ಜಾಲತಾಣ ಅಪಾಯಕ್ಕೂ ಗುರಿಯಾಗುತ್ತದೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ಕಟ್ಟಿದ ಸಣ್ಣ ಜಾಲತಾಣಗಳು ಬಹಳ, ಅದರ ಹಳೆಯ ಆವೃತ್ತಿಗಳ ಬಿರುಕಿನಿಂದ ನುಗ್ಗಿ ಸಾವಿರಾರು ಸುಳ್ಳು ಪುಟಗಳನ್ನು ತುಂಬುವ ದಾಳಿಗಳೂ ಬಹಳ. ಅಂಗಡಿಯ ಹೆಸರು ಹುಡುಕಿದಾಗ ಜಪಾನಿ ಅಕ್ಷರಗಳು ಕಂಡರೆ ಅದು ಅಂತಹ ದಾಳಿಯ ಪರಿಚಿತ ಲಕ್ಷಣ. ತಂತ್ರಾಂಶವನ್ನು ಆಗಾಗ ಪರಿಷ್ಕರಿಸುವುದು, ತಿಂಗಳಿಗೊಮ್ಮೆ ಕಡತಗಳ ಪ್ರತಿಯನ್ನು ಬೇರೆಡೆ ಇಡುವುದು, ಪುಟಕ್ಕೂ ಓದುಗನಿಗೂ ನಡುವಿನ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್‌ನಂತಹ ಸಂಸ್ಥೆಯಿಂದ ಉಚಿತವಾಗಿ ಪಡೆಯುವುದು ಕನಿಷ್ಠ ಎಚ್ಚರಿಕೆಗಳು. ಗಿರಾಕಿಗಳ ಹೆಸರು, ಫೋನ್ ಸಂಖ್ಯೆ ತುಂಬಿಸಿಕೊಳ್ಳುವ ಪುಟವಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಗಳಿಗೂ ಅಂಗಡಿ ಸಿದ್ಧವಾಗಿರಬೇಕು.

ಯಾವ ಪ್ರಶ್ನೆ ಕೇಳಿದವರಿಗೆ ತನ್ನ ಪುಟ ಕಂಡಿತು, ಎಷ್ಟು ಮಂದಿ ಒತ್ತಿ ಒಳಗೆ ಬಂದರು ಎಂಬುದನ್ನು ಗೂಗಲಿನ ಸರ್ಚ್ ಕನ್ಸೋಲ್ ಎಂಬ ಉಚಿತ ಸಲಕರಣೆ ತೋರಿಸುತ್ತದೆ. ಅಲ್ಲಿ ಜನ ಬಳಸಿದ ಪದಗಳು ಇದ್ದಂತೆಯೇ ಕಾಣುತ್ತವೆ. ಹಾಳೆ ತಟ್ಟೆ ಸಗಟು ದರ ಎಂದು ಹುಡುಕಿದವರಿಗೆ ಪುಟ ಕಂಡರೂ ಯಾರೂ ಒಳಗೆ ಬರುತ್ತಿಲ್ಲವೆಂದರೆ, ಪುಟದ ಶೀರ್ಷಿಕೆಯಲ್ಲಿ ಸಗಟಿನ ಮಾತೇ ಇಲ್ಲದಿರಬಹುದು, ಮುಂದೆ ಬರೆಯಬೇಕಾದ ಸಾಲು ಅದೇ. ಹೊಸ ಬರಹವನ್ನು ಕ್ರಾಲರ್ ಓದಿ ಇಂಡೆಕ್ಸಿಗೆ ಸೇರಿಸಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುವುದರಿಂದ ಬರೆಯುವ ಕಾಲವನ್ನು ಹಂಗಾಮಿನ ಲೆಕ್ಕದಲ್ಲೇ ಗೊತ್ತುಪಡಿಸಬೇಕು: ಅಡಿಕೆ ಕೊಯ್ಲು ಶುರುವಾಗುವ ಮುನ್ನ ಚನ್ನಗಿರಿಯ ಯಂತ್ರದ ಅಂಗಡಿಯ ಪುಟ ಜುಲೈ ಹೊತ್ತಿಗೆ, ಬೇಸಿಗೆಯಲ್ಲಿ ಕೊಳವೆಬಾವಿಗಳ ಮೇಲೆ ಒತ್ತಡ ಬೀಳುವ ಮುನ್ನ ಜಗಳೂರಿನ ರಿವೈಂಡಿಂಗ್ ಅಂಗಡಿಯ ಪುಟ ಜನವರಿ ಹೊತ್ತಿಗೆ, ಭತ್ತದ ಕಟಾವಿಗೆ ಒಂದು ತಿಂಗಳ ಮೊದಲೇ ಹೊನ್ನಾಳಿಯ ಕಟಾವು ಯಂತ್ರದ ಬಾಡಿಗೆಯ ಪುಟ, ಸೂರಗೊಂಡನಕೊಪ್ಪದ ಜಾತ್ರೆಗೆ ಬರುವವರಿಗಾಗಿ ನ್ಯಾಮತಿಯ ಖಾನಾವಳಿಯ ವೇಳಾಪಟ್ಟಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧವಾಗಿರಬೇಕು.